ಗೃಹರಕ್ಷಕ ದಳವನ್ನು ಸೇರುವ ಬಗೆ

ತಮ್ಮ ಉದ್ಯೋಗವನ್ನು ಬಿಡದೆ, ಊರಿನಲ್ಲೇ ಇದ್ದುಕೊಂಡು ಪೊಲೀಸರಿಗೆ ಹೆಗಲು ಕೊಡಬೇಕೆಂದು ಬಯಸುವವರಿಗೆ ಕರ್ನಾಟಕದಲ್ಲಿ ತೆರೆದಿರುವ ದಾರಿ ಗೃಹರಕ್ಷಕ ದಳ. ಕೋಮುಗಲಭೆಗಳ ದಿನಗಳಲ್ಲಿ, 1946ರ ಡಿಸೆಂಬರ್ 6ರಂದು ಮುಂಬಯಿಯಲ್ಲಿ ಹುಟ್ಟಿದ ಈ ಸ್ವಯಂಸೇವಾ ಪಡೆಯನ್ನು 1962ರ ಚೀನಾ ಆಕ್ರಮಣದ ಬಳಿಕ ದೇಶದಾದ್ಯಂತ ಮರುಸಂಘಟಿಸಲಾಯಿತು. ನಮ್ಮ ರಾಜ್ಯದ ದಳಕ್ಕೆ ಅದೇ ವರ್ಷದ ಗೃಹರಕ್ಷಕ ದಳ ಕಾಯ್ದೆ ಆಧಾರವಾಗಿದೆ.

ಅರ್ಜಿ ಹಾಕುವ ಮುನ್ನ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿರಬೇಕು: ಇದು ಸರ್ಕಾರಿ ನೌಕರಿಯಲ್ಲ. ತಿಂಗಳ ಸಂಬಳವಾಗಲಿ ಪಿಂಚಣಿಯಾಗಲಿ ಇಲ್ಲದ ಈ ಸೇವೆಯಲ್ಲಿ, ಕರ್ತವ್ಯ ಮಾಡಿದ ದಿನಗಳಿಗೆ ಮಾತ್ರ ಭತ್ಯೆ ಸಿಗುತ್ತದೆ. ಗೃಹರಕ್ಷಕರು ಸೇವೆಯ ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲವೆಂದೂ, ಆದರೆ ಮೂವತ್ತು ದಿನ ದುಡಿದವರ ಭತ್ಯೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗುವಂತೆ ದಿನದ ದರ ಇರಬೇಕೆಂದೂ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಮುಂದೆ ಕಾಯಂ ಆದೀತೆಂಬ ಆಸೆಯಿಂದಲೇ ಸೇರಿದವರ ನಿರಾಸೆ ಸಂಕಟ ತರುವಂಥದ್ದು. ಆದ್ದರಿಂದಲೇ ಇದನ್ನು ಮೊದಲಿಗೆ ಹೇಳುತ್ತಿದ್ದೇನೆ. ಖಾಸಗಿ ಸಂಸ್ಥೆಯಲ್ಲಿ ಕೆಲಸದಲ್ಲಿರುವವರು ಚುನಾವಣೆ, ಹಬ್ಬಗಳ ಕಾಲದಲ್ಲಿ ರಜೆ ಸಿಗುವುದೇ ಎಂದು ಮಾಲೀಕರನ್ನು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಸ್ಥಾನಗಳು ಖಾಲಿಯಾದಾಗ ಜಿಲ್ಲಾ ಸಮಾದೇಷ್ಟರ, ಅಂದರೆ ಜಿಲ್ಲೆಯ ದಳದ ಮುಖ್ಯಸ್ಥರಾದ ಕಮಾಂಡೆಂಟರ, ಕಚೇರಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತದೆ. ಅದಕ್ಕೆ ಕಾಯುವುದಕ್ಕಿಂತ ತಾಲ್ಲೂಕಿನ ಘಟಕಾಧಿಕಾರಿಯನ್ನು ಕವಾಯತಿನ ದಿನ ನೇರವಾಗಿ ಕಂಡು ವಿಚಾರಿಸುವುದೇ ಮೇಲು. ಸಾಮಾನ್ಯವಾಗಿ 19ರಿಂದ 50 ವರ್ಷದೊಳಗಿನ, ಎಸ್ಸೆಸ್ಸೆಲ್ಸಿ ಮುಗಿಸಿದ, ದೃಢಕಾಯರಾದ ಸ್ಥಳೀಯ ನಿವಾಸಿಗಳಿಗೆ ಅವಕಾಶವಿದ್ದು, ಮಹಿಳೆಯರೂ ಸೇರಬಹುದು. ಅಂಕಪಟ್ಟಿ, ಆಧಾರ್ ಕಾರ್ಡ್, ಭಾವಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಹೆಸರಿನ ಮೇಲೆ ಕ್ರಿಮಿನಲ್ ಮೊಕದ್ದಮೆ ಇದ್ದರೆ ಪೊಲೀಸ್ ಪರಿಶೀಲನೆಯಲ್ಲಿ ಅರ್ಜಿ ನಿಲ್ಲುತ್ತದೆ.

ಆಯ್ಕೆಯಾದವರಿಗೆ ಮೂಲ ತರಬೇತಿಯಲ್ಲಿ ಕವಾಯತು, ಲಾಠಿ ಬಳಕೆ, ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು ಇವುಗಳನ್ನು ಕಲಿಸುತ್ತಾರೆ. ಬೂಟಿನ ಹೊಳಪಿನಿಂದ ಹಿಡಿದು ಟೋಪಿಯ ಓರೆಯವರೆಗೆ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಇದನ್ನು ಕಿರುಕುಳವೆಂದು ತಿಳಿಯಬಾರದು. ಜಾತ್ರೆಯ ದಿನ ತೇರಿನ ಪಕ್ಕದಲ್ಲಿ ನಡೆಯುತ್ತಾ, ಬಾಳೆಹಣ್ಣು ಎಸೆಯಲೆಂದು ಮುನ್ನುಗ್ಗುವ ಜನರನ್ನು ಗಾಲಿಯಿಂದ ಎರಡು ಮಾರು ದೂರ ನಿಲ್ಲಿಸಬೇಕಾದವರಿಗೆ ಕೈಯಲ್ಲಿರುವ ಹಗ್ಗವೂ ಗಟ್ಟಿಯಾದ ದನಿಯೂ ಮಾತ್ರ ಸಾಲವು. ಖಾಕಿಯನ್ನು ಅಚ್ಚುಕಟ್ಟಾಗಿ ತೊಟ್ಟವರು ಕೈ ಅಡ್ಡ ಚಾಚಿದರೆ ಜನ ನಿಲ್ಲುತ್ತಾರೆ, ಮಗುವನ್ನು ಹೆಗಲ ಮೇಲೆ ಹೊತ್ತ ತಂದೆಯೂ ಹಿಂದೆ ಸರಿಯುತ್ತಾನೆ.

ಕರ್ತವ್ಯಕ್ಕೆ ಕರೆದಾಗ ಗೃಹರಕ್ಷಕರಿಗೆ ಕಾಯ್ದೆಯು ಪೊಲೀಸರಿಗಿರುವಂಥ ಅಧಿಕಾರವನ್ನೂ ರಕ್ಷಣೆಯನ್ನೂ ಕೊಡುತ್ತದೆ. ಕರ್ತವ್ಯ ಮುಗಿದೊಡನೆ ಆ ಅಧಿಕಾರವೂ ಮುಗಿಯುತ್ತದೆ. ಸಮವಸ್ತ್ರ ಧರಿಸಿ ನೆರೆಹೊರೆಯವರ ಜಗಳ ತೀರಿಸಲು ಹೋಗುವುದು ತಪ್ಪು. ಮುಂದೆ ಎಂದಾದರೂ ದಳವನ್ನು ಬಿಡುವುದಾದರೆ, ನೇಮಕದ ಪ್ರಮಾಣಪತ್ರ ಮತ್ತು ಸಮವಸ್ತ್ರವನ್ನು ಘಟಕಕ್ಕೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ.