ಅಂಗವೈಕಲ್ಯ ಪಿಂಚಣಿಗಾಗಿ ಎಎಫ್‌ಟಿಗೆ (ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ) ಹೋದೆ: ನನ್ನ ಅನುಭವ

ಕೊಡಗಿನಲ್ಲಿ ಫೌಜಿ ಇಲ್ಲದ ಊರು ಸಿಗುವುದು ಕಷ್ಟ. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ಎಲ್ಲರ ಬಾಯಲ್ಲೂ ಇದೆ. ಆದರೆ ಸೇನೆಯ ಕಾನೂನು ತನಗೆ ಏನು ಕೊಡುತ್ತದೆ ಅಂತ ತಿಳಿದ ನಿವೃತ್ತ ಸೈನಿಕರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು 2006ರಲ್ಲಿ ಅವಧಿ ಮುಗಿಸಿ ಹವಾಲ್ದಾರ್ ಆಗಿ ಗೋಣಿಕೊಪ್ಪಕ್ಕೆ ಬಂದೆ. ಹೊರಡುವ ಮೊದಲು ಮೆಡಿಕಲ್ ಬೋರ್ಡ್ ಆಯಿತು. ಬಿಪಿ ಇದೆ, ಅಂಗವೈಕಲ್ಯ ಶೇ. 30, ಆದರೆ ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತ ಬರೆದರು. ಸೇವಾ ಪಿಂಚಣಿ ಬಂತು. ಅಂಗವೈಕಲ್ಯದ ಪಾಲು ಮಾತ್ರ ಬರಲಿಲ್ಲ.

ಮೊದಲು ಮಾಡಿದ್ದು ಆರ್‌ಟಿಐ ಅರ್ಜಿ. ಎರಡು ಕಾಗದ ಕೇಳಿದೆ: ಭರ್ತಿಯಾದಾಗಿನ ವೈದ್ಯಕೀಯ ವರದಿ ಮತ್ತು ಕೊನೆಯ ಬೋರ್ಡಿನ ಪೂರ್ತಿ ನಡಾವಳಿ. ಈ ಎರಡು ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಕೇಸು ಅಲ್ಲೇ ಇರುತ್ತದೆ. ನನ್ನ ಭರ್ತಿ ವರದಿಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಬೋರ್ಡಿನ ಕಾರಣದ ಜಾಗದಲ್ಲಿ ಒಂದೇ ಸಾಲು, ಅದರಲ್ಲಿ ಕಾರಣವೇ ಇಲ್ಲ.

ಅಂಗವೈಕಲ್ಯ ಪಿಂಚಣಿ ಯಾರಿಗೆ ಸಿಗಬೇಕು ಅಂತ ಹೇಳುವ 1982ರ ನಿಯಮಗಳ ಪ್ರಕಾರ, ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆ ಇಲ್ಲದಿದ್ದರೆ ಆಗ ಆತ ಆರೋಗ್ಯವಾಗಿದ್ದ ಅಂತಲೇ ಲೆಕ್ಕ. ಕಾಯಿಲೆ ಸೇವೆಯಿಂದ ಬಂತು ಅಂತ ಸಾಬೀತು ಮಾಡುವ ಹೊರೆ ಸೈನಿಕನದ್ದಲ್ಲ. ಇಲ್ಲ ಅನ್ನುವವರೇ ಕಾರಣ ಬರೆಯಬೇಕು. ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಧರ್ಮವೀರ್ ಸಿಂಗ್ ಕೇಸಿನಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು. ಆ ತೀರ್ಪು ಓದಿದ ಮೇಲೆಯೇ ನನಗೆ ಧೈರ್ಯ ಬಂದದ್ದು.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. ಸಂವಿಧಾನದ 33ನೇ ವಿಧಿ ಸೈನಿಕನ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರಂತೆ 1950ರ ಸೇನಾ ಕಾಯ್ದೆಯಡಿ ನಾವು ಸಂಘ ಕಟ್ಟುವಂತಿಲ್ಲ, ಅನುಮತಿ ಇಲ್ಲದೆ ಪತ್ರಿಕೆಗೆ ಮಾತಾಡುವಂತಿಲ್ಲ. ಶಿಸ್ತಿಗೆ ಅದು ಬೇಕು, ನಾನು ಒಪ್ಪುತ್ತೇನೆ. ಆದರೆ ಅಷ್ಟು ಬಿಟ್ಟುಕೊಟ್ಟವನಿಗೆ ಅನ್ಯಾಯವಾದರೆ ಕೇಳುವ ಜಾಗ ಬೇಕಲ್ವಾ? ಕೋರ್ಟ್ ಮಾರ್ಷಲ್ (ಸೇನೆಯದ್ದೇ ವಿಚಾರಣಾ ನ್ಯಾಯಾಲಯ) ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವೇ ಇಲ್ಲದಿರುವುದು ದೊಡ್ಡ ಕೊರತೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತ್ತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ ಬಂದದ್ದು 2007ರಲ್ಲಿ, ಮಂಡಳಿ ಕೆಲಸ ಶುರು ಮಾಡಿದ್ದು 2009ರಲ್ಲಿ. ಇಷ್ಟು ವರ್ಷ ಸೈನಿಕರು ಕಾದರು ಅನ್ನುವುದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ನೇರವಾಗಿ ಮಂಡಳಿಗೆ ಹೋಗುವಂತಿಲ್ಲ. ಮೊದಲು ಇಲಾಖೆಯೊಳಗೆ ಮೇಲ್ಮನವಿ ಹಾಕಬೇಕು, ಅದನ್ನು ತಿರಸ್ಕರಿಸಿದರೆ ಅಥವಾ ಆರು ತಿಂಗಳು ಉತ್ತರವೇ ಬರದಿದ್ದರೆ ಮುಂದಿನ ದಾರಿ. ನನ್ನ ಮನವಿ ತಡವಾಗಿದೆ ಅಂತ ವಾಪಸ್ ಬಂತು. ಆ ಪತ್ರವನ್ನೇ ಹಿಡಿದು ಮಂಡಳಿಯ ಕೊಚ್ಚಿ ಪೀಠಕ್ಕೆ ಹೋದೆ. ಅರ್ಜಿಯ ಕರಡು ನಾನೇ ಬರೆದೆ, ವಕೀಲರು ತಿದ್ದಿದರು, ವಾದ ಅವರದ್ದೇ. ಪೀಠದಲ್ಲಿ ಒಬ್ಬರು ನಿವೃತ್ತ ನ್ಯಾಯಮೂರ್ತಿ, ಇನ್ನೊಬ್ಬರು ಸೇನೆಯಲ್ಲಿದ್ದ ಹಿರಿಯ ಅಧಿಕಾರಿ. ಬೋರ್ಡ್ ಕಾಗದವನ್ನು ಅವರಿಗೆ ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ.

ತಡದ ಪ್ರಶ್ನೆಗೆ 2008ರ ತರ್ಸೇಮ್ ಸಿಂಗ್ ತೀರ್ಪು ನೆರವಾಯಿತು. ಪಿಂಚಣಿ ಪ್ರತಿ ತಿಂಗಳೂ ಬರಬೇಕಾದದ್ದು, ಹಾಗಾಗಿ ತಪ್ಪೂ ಪ್ರತಿ ತಿಂಗಳೂ ಮುಂದುವರಿಯುತ್ತದೆ. ಆದರೆ ಬಾಕಿ ಸಿಗುವುದು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಹಾಗಾಗಿ ಸುಮ್ನೆ ಕಾಯಬೇಡಿ. ನನ್ನ ಶೇ. 30 ಅನ್ನು ಶೇ. 50ಕ್ಕೆ ಏರಿಸಿಯೂ ಕೊಟ್ಟರು. ಅವಧಿ ಮುಗಿಸಿ ಬಂದವರಿಗೂ ಈ ಲಾಭ ಸಿಗಬೇಕು ಅಂತ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ತೀರ್ಮಾನವಾಗಿತ್ತು.

2008ರ ಜನವರಿಯಿಂದೀಚೆಗೆ ಸೇವೆಯಿಂದ ಹೊರಬಂದವರು ಒಂದು ವಿಷಯ ಗಮನಿಸಿ. ನಿಯಮ 2008ರಲ್ಲಿ ಬದಲಾಯಿತು, 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬದಲಾಯಿತು. ನನ್ನ ಅರ್ಜಿಯನ್ನು ಹಾಗೇ ನಕಲು ಮಾಡಬೇಡಿ. ನೀವು ಹೊರಬಂದ ದಿನಾಂಕಕ್ಕೆ ಯಾವ ನಿಯಮ ಅಂತ ಮೊದಲು ನೋಡಿ.

ಮಂಡಳಿಯಲ್ಲಿ ಸೋತರೂ ದಾರಿ ಮುಚ್ಚಿಲ್ಲ. ಮಂಡಳಿಯ ಆದೇಶವನ್ನು ಪರಿಶೀಲಿಸಲು ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ಕೊಟ್ಟ ಅಧಿಕಾರ ಹಾಗೇ ಉಳಿದಿದೆ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ವಿರಾಜಪೇಟೆ ಕಡೆಯ ನಮ್ಮ ಫೌಜಿ ಅಣ್ಣ ಒಬ್ಬರು ಈಗ ಅದೇ ದಾರಿಯಲ್ಲಿದ್ದಾರೆ. ಕಾಫಿ ಕೊಯ್ಲು ಮುಗಿದ ಮೇಲೆ ಇಬ್ಬರೂ ಕೂತು ಅವರ ಭರ್ತಿ ವರದಿಯಿಂದ ಓದಲು ಶುರು ಮಾಡುತ್ತೇವೆ.