ಟರ್ಮಿನಲ್ ಆ್ಯಪಲ್ಲಿ ಕೀಗೂ ಲಿಂಕಿಗೂ ಒಂದೇ ಆ್ಯಕ್ಷನ್ ಕಟ್ಟೋದು ಹೇಗೆ

ಊರಲ್ಲಿ ಅತ್ತೆ ಹತ್ತಿಪ್ಪತ್ತು ಮನೆಗೆ ಹಾಲು ಹಾಕ್ತಾರೆ, ಅದರ ಲೆಕ್ಕಕ್ಕೆ ಪೈಥಾನಿನ ಟೆಕ್ಸ್ಚುಯಲ್ ಲೈಬ್ರರಿಲಿ ಒಂದು ಚಿಕ್ಕ ಟರ್ಮಿನಲ್ (ಬರೀ ಅಕ್ಷರ ತೋರಿಸೋ ಕಮಾಂಡ್ ಕಿಟಕಿ) ಆ್ಯಪ್ ಮಾಡಿಕೊಟ್ಟೆ, ಯಾಕಂದ್ರೆ ಅವರ ಹಳೇ ಲ್ಯಾಪ್‌ಟಾಪಲ್ಲಿ ಬ್ರೌಸರ್ ತೆಗೆದ್ರೇ ಮಿಷನ್ ನಿಂತೋಗುತ್ತೆ. ಅತ್ತೆಗೆ ಮೌಸಲ್ಲಿ ಒತ್ತಿದ್ರೆ ಆಗ್ಬೇಕು, ಮಗನಿಗೆ ಕೀಬೋರ್ಡಿಂದ ಕೈ ತೆಗೆಯೋಕೆ ಇಷ್ಟ ಇಲ್ಲ. ಹಾಗಾಗಿ "ದುಡ್ಡು ಬಂತು" ಅನ್ನೋ ಒಂದೇ ಕೆಲಸ ಎರಡು ದಾರಿಲೂ ನಡೀಬೇಕಿತ್ತು, ಮೊದಲು ನಾನು ಅದೇ ಕೋಡನ್ನ ಎರಡು ಕಡೆ ಬರೆದೆ, ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತು ಲೆಕ್ಕ ತಪ್ಪಿತು. ಹಂಗೆ ಮಾಡ್ಬೇಡಿ. ಟೆಕ್ಸ್ಚುಯಲಲ್ಲಿ ಇದಕ್ಕೇ ಅಂತ ಆ್ಯಕ್ಷನ್ ಇದೆ.

ಆ್ಯಕ್ಷನ್ ಅಂದ್ರೆ ಬೇರೇನಿಲ್ಲ, "ಆ್ಯಕ್ಷನ್" ಆಮೇಲೆ ಅಂಡರ್‌ಸ್ಕೋರ್ ಇಟ್ಟು ಶುರುವಾಗೋ ಮೆಥಡ್ (ಇಲ್ಲಿ ಕನ್ನಡದಲ್ಲಿ ಬರೀತಿದೀನಿ, ಕೋಡಲ್ಲಿ ಇಂಗ್ಲಿಷ್ ಅಕ್ಷರ ಹಾಕಿ). ಆ್ಯಪ್ ಕ್ಲಾಸಲ್ಲಿ ಆ್ಯಕ್ಷನ್_ಪೇಯ್ಡ್ ಅಂತ ಒಂದು ಮೆಥಡ್ ಬರೆದು, ಮನೆ ನಂಬರ್ ಪ್ಯಾರಾಮೀಟರ್ ಆಗಿ ತಗೊಳ್ಳಿ. ಇದನ್ನ ಕರೆಯುವಾಗ ಮುಂದಿನ ಆ್ಯಕ್ಷನ್ ಅನ್ನೋ ಭಾಗ ಬಿಟ್ಟು ಬರೀ ಪೇಯ್ಡ್(3) ಅಂತ ಸ್ಟ್ರಿಂಗ್ ಆಗಿ ಬರೆದ್ರೆ ಸಾಕು.

ಕೀಗೆ ಕಟ್ಟೋಕೆ ಕ್ಲಾಸಲ್ಲಿ ಬೈಂಡಿಂಗ್ಸ್ ಅಂತ ದೊಡ್ಡಕ್ಷರದಲ್ಲಿ ಒಂದು ಲಿಸ್ಟ್, ಅದರೊಳಗೆ ಮೂರು ತುಂಡಿನ ಟ್ಯೂಪಲ್: ಯಾವ ಕೀ, ಯಾವ ಆ್ಯಕ್ಷನ್, ಕೆಳಗೆ ಏನಂತ ತೋರಿಸ್ಬೇಕು. ಫೂಟರ್ ಅನ್ನೋ ವಿಜೆಟ್ (ಸ್ಕ್ರೀನಲ್ಲಿ ಕಾಣೋ ಒಂದು ಭಾಗ) ಸೇರಿಸಿದ್ರೆ ಆ ಮೂರನೇದು ಸ್ಕ್ರೀನಿನ ಅಡಿಲಿ ಕಾಣುತ್ತೆ, ಅದನ್ನ ಕ್ಲಿಕ್ ಕೂಡ ಮಾಡ್ಬಹುದು.

ಲಿಂಕ್ ಬರೆಯೋದು ಮಾರ್ಕಪ್ಪಲ್ಲಿ, ಅಂದ್ರೆ ಪಠ್ಯದೊಳಗೇ ಸೇರಿಸೋ ಗುರುತುಗಳಲ್ಲಿ. ಚೌಕ ಬ್ರ್ಯಾಕೆಟ್ ಒಳಗೆ @ಕ್ಲಿಕ್=ಆ್ಯಪ್.ಪೇಯ್ಡ್(3), ಬ್ರ್ಯಾಕೆಟ್ ಮುಚ್ಚಿ, ತೋರಿಸೋ ಪಠ್ಯ ಬರೆದು, ಕೊನೆಗೆ [/]. ಆ್ಯಪ್ ಅಂತ ಮುಂದೆ ಹಾಕೋದನ್ನ ದಯವಿಟ್ಟು ಮರೀಬೇಡಿ, ನಾನು ಒಂದು ಸಂಜೆ ಪೂರ್ತಿ ಕಳೆದದ್ದು ಇಲ್ಲೇ. ಕೀ ಬೈಂಡಿಂಗ್ ಆ್ಯಪ್ ಕ್ಲಾಸಲ್ಲಿದ್ರೆ ಆ್ಯಪಿನ ಮೆಥಡನ್ನೇ ಹುಡುಕುತ್ತೆ, ಆದ್ರೆ ಲಿಂಕ್ ಇರೋದು ಪಠ್ಯ ತೋರಿಸೋ ಒಂದು ಸ್ಟ್ಯಾಟಿಕ್ ವಿಜೆಟ್ ಒಳಗೆ, ಹಾಗಾಗಿ ಅದು ಆ ವಿಜೆಟಲ್ಲೇ ಹುಡುಕಿ ಸಿಗದೆ ಸುಮ್ಮನಾಗುತ್ತೆ, ಸ್ಕ್ರೀನ್ ಮೇಲೆ ಎರರ್ರೂ ಬರಲ್ಲ. ಆ್ಯಪ್, ಸ್ಕ್ರೀನ್, ಫೋಕಸ್ಡ್ ಅಂತ ಮೂರು ಪ್ರಿಫಿಕ್ಸ್ ಇದೆ, ಯಾವುದರ ಮೆಥಡ್ ಬೇಕೋ ಅದನ್ನ ಹಾಕಿ. ಲಿಂಕ್ ಒತ್ತಿದ್ರೆ ಏನೂ ಆಗ್ತಿಲ್ಲ ಅಂದ್ರೆ ಟೆಕ್ಸ್ಚುಯಲ್ ಕನ್ಸೋಲನ್ನ ಇನ್ನೊಂದು ಕಿಟಕಿಲಿ ತೆಗೆದು ಆ್ಯಪನ್ನ ಡೆವ್ ಮೋಡಲ್ಲಿ ಓಡಿಸಿ, ಅಲ್ಲಿ ಲಾಗ್ ಬಿದ್ದಿರುತ್ತೆ.

ಬ್ರ್ಯಾಕೆಟ್ ಒಳಗೆ ವೇರಿಯಬಲ್ ಹೆಸರು ನಡೆಯಲ್ಲ, ನಂಬರ್, ಕೋಟ್ ಹಾಕಿದ ಸ್ಟ್ರಿಂಗ್ ಥರ ನೇರವಾದ ಬೆಲೆನೇ ಬೇಕು. ಲೂಪಲ್ಲಿ ಲಿಂಕ್ ಕಟ್ಟುವಾಗ ಎಫ್-ಸ್ಟ್ರಿಂಗಲ್ಲಿ ಮನೆ ನಂಬರ್ ತುಂಬಿಸಿ. ಹೆಸರು ತುಂಬಿಸೋಕೆ ಹೋಗ್ಬೇಡಿ, ಹೆಸರಲ್ಲಿ ಒಂದು ಕೋಟೋ ಚೌಕ ಬ್ರ್ಯಾಕೆಟ್ಟೋ ಬಂದ್ರೆ ಮಾರ್ಕಪ್ಪೇ ಕೆಡುತ್ತೆ.

ಇನ್ನೊಂದು ಮಾತು, ಲಿಂಕಿಗೆ ತಾನು ಯಾವ ಸಾಲಿನದು ಅಂತ ಗೊತ್ತಿರುತ್ತೆ, ಕೀಗೆ ಗೊತ್ತಿರಲ್ಲ. ಅದಕ್ಕೆ ಕೀಗೆ ಪೇಯ್ಡ್_ಈಗಿನದು ಅಂತ ಬೇರೆ ಪುಟ್ಟ ಆ್ಯಕ್ಷನ್ ಬರೆದೆ, ಅದು ಕರ್ಸರ್ ಇರೋ ಸಾಲಿನ ನಂಬರ್ ತಗೊಂಡು ಮೊದಲಿನ ಮೆಥಡನ್ನೇ ಕರೆಯುತ್ತೆ ಅಷ್ಟೆ, ಲೆಕ್ಕ ಬರೆಯೋ ಜಾಗ ಒಂದೇ ಉಳೀತು.

ದುಡ್ಡು ಕೊಟ್ಟವರಿಗೆ ಮತ್ತೆ ಒತ್ತೋಕಾಗಬಾರದು ಅಂದ್ರೆ ಚೆಕ್_ಆ್ಯಕ್ಷನ್ ಅನ್ನೋ ಮೆಥಡ್ ಬರೀರಿ, ಅದಕ್ಕೆ ಆ್ಯಕ್ಷನ್ ಹೆಸರು, ಪ್ಯಾರಾಮೀಟರ್ ಎರಡೂ ಬರುತ್ತೆ. ಟ್ರೂ ಅಂದ್ರೆ ನಡೆಯುತ್ತೆ, ಫಾಲ್ಸ್ ಅಂದ್ರೆ ನಡೆಯಲ್ಲ ಫೂಟರಲ್ಲೂ ಮಾಯ, ನನ್ (ಪೈಥಾನಲ್ಲಿ "ಏನೂ ಇಲ್ಲ" ಅನ್ನೋ ಬೆಲೆ) ಅಂದ್ರೆ ನಡೆಯಲ್ಲ ಆದ್ರೆ ಮಸುಕಾಗಿ ಕಾಣುತ್ತೆ. ಇದು ಕೀಗೂ ಲಿಂಕಿಗೂ ಸೇರಿಸಿ ಕಾವಲು ಕಾಯುತ್ತೆ, ನಂಗೆ ಟೆಕ್ಸ್ಚುಯಲಲ್ಲಿ ತುಂಬಾ ಇಷ್ಟವಾದದ್ದು ಇದೇ. ಕೊನೇ ಸಾಲಲ್ಲಿ ರಿಟರ್ನ್ ಟ್ರೂ ಬರೆಯೋದು ಬಿಟ್ರೆ ಪೈಥಾನ್ ತಾನಾಗೇ ನನ್ ಕೊಡುತ್ತೆ, ಆಗ ಮಿಕ್ಕ ಎಲ್ಲಾ ಕೀಗಳೂ ಮಸುಕಾಗಿ ಸತ್ತು ಕೂತ್ಕೊಳ್ಳುತ್ತೆ. ಸ್ಥಿತಿ ಬದಲಾದ ಮೇಲೆ ರಿಫ್ರೆಶ್_ಬೈಂಡಿಂಗ್ಸ್ ಕರೀರಿ, ಇಲ್ಲಾಂದ್ರೆ ಫೂಟರ್ ಹಳೇದನ್ನೇ ತೋರಿಸ್ತಿರುತ್ತೆ.

ಕೀ ಆರಿಸುವಾಗ ಸ್ವಲ್ಪ ಯೋಚಿಸಿ. ಕಂಟ್ರೋಲ್ ಐ ಮತ್ತು ಟ್ಯಾಬ್ ಎರಡೂ ಸಾಮಾನ್ಯವಾಗಿ ಟರ್ಮಿನಲಿಂದ 9 ಅನ್ನೋ ಒಂದೇ ಕೋಡಾಗಿ ಬರುತ್ತೆ, ಕಂಟ್ರೋಲ್ ಎಮ್ ಮತ್ತು ಎಂಟರ್ 13 ಆಗಿ, ಅವನ್ನ ಬೇರೆ ಬೇರೆ ಕೆಲಸಕ್ಕೆ ಇಡ್ಬೇಡಿ. ಇನ್‌ಪುಟ್ ಬಾಕ್ಸಲ್ಲಿ ಫೋಕಸ್ ಇದ್ರೆ ಬರೀ ಪಿ ಒತ್ತಿದ್ದು ಬಾಕ್ಸೊಳಗೆ ಅಕ್ಷರವಾಗಿ ಹೋಗುತ್ತೆ, ಟ್ಯೂಪಲ್ ಬದಲು ಬೈಂಡಿಂಗ್ ಕ್ಲಾಸ್ ಬಳಸಿ ಪ್ರಯಾರಿಟಿ ಟ್ರೂ ಕೊಟ್ರೆ ಆ್ಯಕ್ಷನ್ ನಡೆಯುತ್ತೆ ಆದ್ರೆ ಆಮೇಲೆ ಆ ಬಾಕ್ಸಲ್ಲಿ ಪಿ ಟೈಪ್ ಮಾಡೋಕೇ ಆಗಲ್ಲ, ಹಂಗಾಗಿ ಫಂಕ್ಷನ್ ಕೀ ವಾಸಿ.

ನಮ್ಮವರಿಗೆ ಅಂತಾನೇ ಬರೋ ತೊಂದರೆ ಒಂದಿದೆ. ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಬೋರ್ಡ್ ಲೇಔಟ್ ಆನ್ ಇದ್ದಾಗ ಕೆ ಒತ್ತಿದ್ರೆ ಆ್ಯಪಿಗೆ ಹೋಗೋದು ಕ. ಒಂದೇ ಬೈಂಡಿಂಗಲ್ಲಿ ಕಾಮಾ ಹಾಕಿ ಎರಡು ಕೀ ಕೊಡ್ಬಹುದು, ಹಾಗಾಗಿ ಕೆ ಜೊತೆ ಕ ಕೂಡ ಸೇರಿಸಿಬಿಡಿ. ಫಂಕ್ಷನ್ ಕೀಗೆ ಈ ಗೋಳಿಲ್ಲ. ಲಿಂಕಲ್ಲಿ ಕಷ್ಟ ಬೇರೆ ಥರ: ಯಾವ ಸಾಲಿನ ಯಾವ ಕಾಲಮ್ಮಲ್ಲಿ ಕ್ಲಿಕ್ ಆಯ್ತು ಅಂತ ಮಾತ್ರ ಟರ್ಮಿನಲ್ ಹೇಳುತ್ತೆ, ಒತ್ತಕ್ಷರ ಇರೋ ಕನ್ನಡ ಪದಕ್ಕೆ ಎಷ್ಟು ಅಗಲ ಅನ್ನೋದರಲ್ಲಿ ಟರ್ಮಿನಲ್ಲಿಗೂ ಲೈಬ್ರರಿಗೂ ಲೆಕ್ಕ ಹೊಂದದೇ ಇದ್ರೆ ಅತ್ತೆ ಲಿಂಕಿನ ಮೇಲೇ ಒತ್ತಿದ್ರೂ ಆ್ಯಪಿಗೆ ಪಕ್ಕದಲ್ಲಿ ಒತ್ತಿದ ಹಾಗೆ ಕಾಣುತ್ತೆ. ಲಿಂಕನ್ನ ಸಾಲಿನ ಶುರುವಲ್ಲೇ ಒಂದು ಟಿಕ್ ಗುರುತಾಗಿ ಇಟ್ಟು ಮನೆಯವರ ಹೆಸರನ್ನ ಅದರ ಆಚೆ ಬರೆದೆ, ಆವತ್ತಿಂದ ಒಂದು ಕ್ಲಿಕ್ಕೂ ತಪ್ಪಿಲ್ಲ.