ಅರ್ಧಕ್ಕೆ ಬಿಟ್ಟ ಎಂ.ಟೆಕ್ ಮತ್ತು ನನ್ನ ಎಂ.ಎಸ್. ಅರ್ಜಿ

ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಸೇರಿ, ಒಂದು ವರ್ಷವಾದ ಮೇಲೆ ಬಿಟ್ಟೆ. ಎರಡನೇ ಸೆಮಿಸ್ಟರ್‌ನಲ್ಲಿ ಎರಡು ಪರೀಕ್ಷೆ ಬರೆದೇ ಇರಲಿಲ್ಲ. ಮೂರು ವರ್ಷದ ನಂತರ ಅಮೆರಿಕದಲ್ಲಿ ಅಂತರ್ಜಲದ ಬಗ್ಗೆ ಎಂ.ಎಸ್. ಮಾಡಲು ಅರ್ಜಿ ಹಾಕಲು ಕುಳಿತಾಗ ಆ ವರ್ಷವೇ ಮೊದಲು ಎದುರಾಯಿತು.

ಅಲ್ಲಿನ ಅರ್ಜಿಯಲ್ಲಿ ಡಿಗ್ರಿ ಸಿಕ್ಕಿರಲಿ ಬಿಡಲಿ, ಓದಿದ ಎಲ್ಲ ಕಾಲೇಜುಗಳ ಹೆಸರು ಕೇಳುತ್ತಾರೆ. "ಬಿ.ಇ. ಒಂದೇ ಹಾಕು, ಯಾರಿಗೆ ಗೊತ್ತಾಗುತ್ತೆ?" ಎಂದರು ಗೆಳೆಯರು. ನಾನು ಒಪ್ಪಲಿಲ್ಲ. ಕೊನೆಯಲ್ಲಿ ಎಲ್ಲವೂ ನಿಜ ಎಂದು ಸಹಿ ಹಾಕುತ್ತೇವೆ, ಅಲ್ವಾ? ಮುಚ್ಚಿಟ್ಟದ್ದು ಗೊತ್ತಾದರೆ ಸಿಕ್ಕ ಸೀಟೂ ಹೋಗಬಹುದು.

ಬಿ.ಇ. ಮೂಲ ಅಂಕಪಟ್ಟಿಗಳು ಇನ್ನೂ ಎಂ.ಟೆಕ್ ಕಾಲೇಜಿನಲ್ಲೇ ಇದ್ದವು. ಉಳಿದ ವರ್ಷದ ಫೀಸು ಕಟ್ಟಿದರೆ ಮಾತ್ರ ಕೊಡುತ್ತೇವೆ ಎಂದರು. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಎಂದು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ನಿಯಮವೇ ಇದೆ. ಅದನ್ನು ಬರೆದು ಪತ್ರ ಕೊಟ್ಟೆ, ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಮೂರನೇ ಸಲ ಹೋದಾಗ ಕೊಟ್ಟರು. ಈ ಕೆಲಸವನ್ನು ಕಾಲೇಜು ಬಿಡುವ ದಿನವೇ ಮುಗಿಸಿಕೊಳ್ಳಿ.

ನನ್ನ ಉದ್ದೇಶ ತಿಳಿಸುವ ಪ್ರಬಂಧ, ಎಸ್‌ಒಪಿ, ಮೊದಲ ಸಲ ಬರೆದಾಗ ಒಂದು ಪುಟವೆಲ್ಲ ಎಂ.ಟೆಕ್ ಯಾಕೆ ಬಿಟ್ಟೆ ಎಂಬುದೇ ಆಗಿತ್ತು. ಓದಿದರೆ ಕ್ಷಮೆ ಕೇಳುವ ಪತ್ರದ ಹಾಗಿತ್ತು. ಹರಿದು ಹಾಕಿ ಕೋಲಾರದಿಂದ ಶುರು ಮಾಡಿದೆ. ಎಂ.ಟೆಕ್ ಬಿಟ್ಟ ಮೇಲೆ ನಾನು ಅಲ್ಲಿ ಬಾವಿ, ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆಯುತ್ತಿದ್ದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆರೆ ತುಂಬಿದರೆ ಎಷ್ಟು ದೂರದ ಬಾವಿಯಲ್ಲಿ ನೀರು ಏರುತ್ತದೆ? ಆ ನೀರು ಕುಡಿಯಲು ಯೋಗ್ಯವೇ? ಊರಿನವರು ದಿನಾ ಕೇಳುತ್ತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಓದಬೇಕು ಅನ್ನಿಸಿದ್ದೇ ಅದರಿಂದ. ಇದನ್ನೆಲ್ಲ ಬರೆದ ಮೇಲೆ ಎಂ.ಟೆಕ್‌ಗೆ ಮೂರು ವಾಕ್ಯ ಸಾಕಾಯಿತು: ಸೇರಿದ್ದು, ಬಿಟ್ಟದ್ದು, ಬಿಟ್ಟ ಮೇಲೆ ಮಾಡಿದ್ದು. ಬರೆಯದ ಪರೀಕ್ಷೆಗಳನ್ನೂ ಹೇಳಿದೆ. ಹೇಗೂ ಅಂಕಪಟ್ಟಿಯಲ್ಲಿ ಕಾಣುತ್ತದೆ.

ಕಷ್ಟವಾದದ್ದು ಶಿಫಾರಸು ಪತ್ರ. ಮೂರು ಬೇಕಿತ್ತು. ಬಿ.ಇ. ಮೇಡಂ ಒಬ್ಬರು, ಕೋಲಾರದ ಮೇಲಧಿಕಾರಿ ಒಬ್ಬರು ಒಪ್ಪಿದರು. ಮೂರನೆಯವರು ನಾನು ಬಿಟ್ಟುಬಂದ ಎಂ.ಟೆಕ್ ಗೈಡ್. ಅವರು ಕಲಿಸಿದ ಫೈನೈಟ್ ಎಲಿಮೆಂಟ್ ವಿಧಾನ, ಅಂದರೆ ದೊಡ್ಡದನ್ನು ಸಣ್ಣ ಸಣ್ಣ ತುಂಡು ಮಾಡಿ ಲೆಕ್ಕ ಹಾಕುವ ರೀತಿ, ಅಂತರ್ಜಲದ ಲೆಕ್ಕಕ್ಕೂ ಬೇಕು. ಆ ಪೇಪರ್‌ನಲ್ಲಿ ನನಗೆ ಒಳ್ಳೆಯ ಅಂಕವೂ ಇತ್ತು. ಆದರೂ ಎರಡು ವಾರ ಫೋನ್ ಮಾಡಲು ಧೈರ್ಯ ಬರಲಿಲ್ಲ. ಕೊನೆಗೆ ನೇರವಾಗಿ ಹೋದೆ.

"ಸರ್, ನಿಮಗೆ ಬೇಜಾರು ಮಾಡಿ ಹೋಗಿದ್ದೆ. ಈಗ ಸಹಾಯ ಕೇಳೋಕೆ ಬಂದಿದೀನಿ."

"ಬೇಜಾರಾಗಿದ್ದು ನಿಜ. ಆದ್ರೆ ನೀನು ಹೇಳದೆ ಕೇಳದೆ ಹೋಗ್ಲಿಲ್ಲ. ಕೂತ್ಕೋ, ಏನು ಮಾಡ್ತಿದೀಯ ಹೇಳು."

ನನ್ನ ಬಾವಿಗಳ ಪಟ್ಟಿ ತೋರಿಸಿದೆ. ಒಂದು ಗಂಟೆ ಪ್ರಶ್ನೆ ಕೇಳಿದರು. ಡಿಸೆಂಬರ್ 15 ಕೊನೆಯ ದಿನವಾಗಿತ್ತು. ಅವರ ಪತ್ರ ನವೆಂಬರ್‌ನಲ್ಲೇ ಹೋಗಿತ್ತು.

ಆರು ಕಡೆ ಹಾಕಿದ್ದೆ. ಎರಡು ಕಡೆ ಸೀಟು ಸಿಕ್ಕಿತು, ಒಂದು ಕಡೆ ಫೀಸು ಮಾಫಿ, ಸ್ಟೈಪೆಂಡ್ ಸಮೇತ. ಅಲ್ಲಿನ ಪ್ರೊಫೆಸರ್ ವಿಡಿಯೊ ಕಾಲ್‌ನಲ್ಲಿ ಎಂ.ಟೆಕ್ ಬಗ್ಗೆ ಒಂದೇ ಪ್ರಶ್ನೆ ಕೇಳಿದರು. ಉಳಿದ ಅರ್ಧ ಗಂಟೆ ಬಾವಿಗಳದ್ದೇ ಮಾತು. ತಿಂಗಳಿಗೆ ಎಷ್ಟು ಸಲ ಅಳೆಯುತ್ತೀಯ, ಪಂಪು ಓಡುವಾಗಲೋ ನಿಂತ ಮೇಲೋ ಎಂದು ಕೇಳಿದರು. ನಾನು ನೋಟ್‌ಬುಕ್ ತೆರೆದು ಓದುತ್ತಾ ಹೋದೆ.